ಕಾಕಾ ಕಟ್ಟಿದ ಹಂದರ

ಕಳೆದ ವಾರ ತರಕಾರಿ ಚೀಲ ಹಿಡಿದು ಪುಣೆಯ ವಾಕಡದ ನಮ್ಮ ವಸತಿ ಸೊಸೈಟಿಯ ಗೇಟಿನೊಳಗೆ ಬರುತ್ತಿದ್ದಾಗ ಅಗಸೆ ಎಣ್ಣೆಯ ವಾಸನೆ ಬಂತು. ಅಗಸೆ ಎಂದರೆ ನಮ್ಮ ಕಡೆಯವರಿಗೆ ಚಟ್ನಿ ನೆನಪಾಗಬೇಕು, ಜೋಳದ ರೊಟ್ಟಿ ನೆನಪಾಗಬೇಕು. ನನಗೆ ಮಾತ್ರ ಮರದ ತೊಲೆ ನೆನಪಾಗುತ್ತದೆ, ಹಳೆಯ ಬನಿಯನ್ನಿನ ಚಿಂದಿ ಹಿಡಿದ ಒಂದು ಮುದಿ ಕೈ... ಚೀಲವನ್ನು ಅಲ್ಲೇ ನೆಲಕ್ಕಿಟ್ಟು ವಾಸನೆ ಬಂದ ಕಡೆ ನಡೆದೆ. ಮಕ್ಕಳು ಆಡುವ ಜಾಗದ ಪಕ್ಕದಲ್ಲಿ ಇಬ್ಬರು ಬಡಗಿಗಳು ಹೊಸ ಕಟ್ಟಿಗೆಗೆ ಎಣ್ಣೆ ಸವರುತ್ತಿದ್ದರು. ನಾಲ್ಕು ಕಂಬ, ಮೇಲೆ ಸಾಲಾಗಿ ಪಟ್ಟಿಗಳು. ಸೊಸೈಟಿಯ ನೋಟೀಸಿನಲ್ಲಿ ಅದನ್ನು ಪರ್ಗೋಲಾ ಎಂದು ಬರೆದಿದ್ದರು. ನಾನು ಅದನ್ನು ಹಂದರ ಎಂದು ಕಲಿತವಳು. ಕಲಿಸಿದವರು ಕಾಕಾ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮನಲ್ಲ. ತೊಂಬತ್ತರ ದಶಕದ ನಡುವೆ ಯೆರವಡಾದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕರು, ಬೆಳಗಾವಿ ಕಡೆಯವರು. ಕೆಳಗೆ ಅವರು ಮತ್ತು ಅವರ ಹೆಂಡತಿ ಕಾಕು, ಮೇಲೆ ನಾವು. ಮೇಲಕ್ಕೆ ಬರಲು ಮನೆಯ ಹೊರಗಿನಿಂದ ಹದಿನೇಳು ಕಲ್ಲಿನ ಮೆಟ್ಟಿಲುಗಳಿದ್ದವು. ಅವರ ಇಬ್ಬರು ಗಂಡುಮಕ್ಕಳು ಬೇರೆ ಊರುಗಳಲ್ಲಿ ಸಂಸಾರ ಹೂಡಿದ್ದರು. ಹೆಣ್ಣುಮಕ್ಕಳಿಲ್ಲದ ಮನೆ. ಕಾಕಾ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು, ನಾವು ಆ ಮನೆಗೆ ಬಂದ ತಿಂಗಳೇ ನಿವೃತ್ತರಾಗಿದ್ದರು.

ನಾನು ಆಗ ಹೊಸದಾಗಿ ಮದುವೆಯಾದವಳು. ಧಾರವಾಡದಿಂದ ನೌಕರಿಗೆಂದು ಪುಣೆಗೆ ಬಂದು, ಇಲ್ಲೇ ಒಬ್ಬ ಮರಾಠಿ ಹುಡುಗನನ್ನು ಮೆಚ್ಚಿ, ಯಾರ ಅಪ್ಪಣೆಗೂ ಕಾಯದೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ್ದೆ. ಅಪ್ಪ ಒಂದೇ ಒಂದು ಪತ್ರ ಬರೆದರು. ಇನ್ನು ಮುಂದೆ ಈ ಮನೆಯ ಮೆಟ್ಟಿಲು ಹತ್ತಬೇಡ ಎಂದು ಅದರಲ್ಲಿತ್ತು. ನಾನೂ ಅವರ ಮಗಳೇ, ಹಟದಲ್ಲಿ ಒಂದು ತೂಕ ಹೆಚ್ಚೇ. ಹತ್ತುವುದಿಲ್ಲ ಬಿಡಿ ಎಂದುಕೊಂಡೆ. ಹಗಲಲ್ಲಿ ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಹಬ್ಬಗಳು ಬಂದಾಗ ಮಾತ್ರ ಆ ಹಟ ನಿಲ್ಲುತ್ತಿರಲಿಲ್ಲ.

ನಿವೃತ್ತಿಯಾದ ಮರುವಾರವೇ ಕಾಕಾ ಅಂಗಳದಲ್ಲಿ ಹಂದರ ಕಟ್ಟುವ ಯೋಚನೆ ತೆಗೆದರು. ನಾಲ್ಕು ಬಿದಿರು ನೆಟ್ಟು ಬಳ್ಳಿ ಹಬ್ಬಿಸಿದರೆ ಆಯಿತಲ್ಲ ಎಂದು ಕಾಕು ಅಂದರೆ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಪಡಸಾಲೆಯಲ್ಲಿ ದೊಡ್ಡ ಹಲಗೆ ಇಟ್ಟು, ಅದರ ಮೇಲೆ ಪಾರದರ್ಶಕ ಕಾಗದ ಹಾಸಿ, ಕರಿ ಮಸಿಯಲ್ಲಿ ನಕ್ಷೆ ಬರೆದರು. ಆರು ಕಂಬ, ಮೂರು ತೊಲೆ, ಅದರ ಮೇಲೆ ಉತ್ತರ ದಕ್ಷಿಣವಾಗಿ ಹದಿನೈದು ಪಟ್ಟಿ. ಎತ್ತರ ತಿಳಿಯಲೆಂದು ತೊಲೆಯ ಕೆಳಗೆ ಕಡ್ಡಿಯಂಥ ಒಬ್ಬ ಮನುಷ್ಯನನ್ನೂ ನಿಲ್ಲಿಸಿದ್ದರು. ಅದು ತಾನೇನೋ ಎಂದು ಕಾಕು ಕೇಳಿ, ಇಷ್ಟು ತೆಳ್ಳಗಿದ್ದದ್ದು ಮದುವೆಯ ವರ್ಷ ಮಾತ್ರ ಎಂದು ನಕ್ಕಿದ್ದರು.

ಆ ಕಾಗದದ ಮೇಲೆ ತಪ್ಪಾದರೆ ರಬ್ಬರಿನಿಂದ ಅಳಿಸಲು ಬರುವುದಿಲ್ಲ. ದಾಡಿಯ ಬ್ಲೇಡಿನ ಮೂಲೆಯಿಂದ ಮಸಿಯನ್ನು ಮೆಲ್ಲಗೆ ಹೆರೆದು, ಉಗುರಿನಿಂದ ತಿಕ್ಕಿ ನುಣುಪು ಮಾಡಿ, ಆಮೇಲೆ ಹೊಸ ಗೆರೆ ಎಳೆಯಬೇಕು. ಅದರಲ್ಲಿ ಕಾಕಾನ ಕೈ ಪಳಗಿತ್ತು. ಹೆರೆದ ಜಾಗ ಎಲ್ಲಿದೆ ಹುಡುಕು ನೋಡೋಣ ಎಂದು ನನಗೆ ಸವಾಲು ಹಾಕುತ್ತಿದ್ದರು. ನಾನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಸೋಲುತ್ತಿದ್ದೆ.

"ಕಣ್ಣಿಗೆ ಕಾಣಂಗಿಲ್ಲ ತಂಗಿ, ಬಳ್ಳಿಗೆ ಹತ್ತತದ," ಎಂದು ನನ್ನ ತೋರುಬೆರಳನ್ನು ಹಿಡಿದು ಕಾಗದದ ಮೇಲೆ ಸರಿಸುತ್ತಿದ್ದರು. ಹೌದು, ಅಲ್ಲೊಂದು ಕಡೆ ಸಣ್ಣಗೆ ತರಿತರಿ... ನಮ್ಮ ಕಡೆ ಬೆರಳಿಗೆ ಬಳ್ಳು ಅನ್ನುತ್ತಾರೆ. ಆ ಮಾತು ಕೇಳಿ ನನಗೆ ಎಷ್ಟೋ ತಿಂಗಳಾಗಿತ್ತು.

ನಕ್ಷೆ ಮುಗಿದ ಮೇಲೆ ಕಾಕು ಕೂರುವ ಕಲ್ಲಿನ ಕಟ್ಟೆ ಎಲ್ಲಿರಬೇಕು ಎಂಬುದೊಂದು ಉಳಿಯಿತು. ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಎಂದರು ಕಾಕಾ. ಸಂಕ್ರಾಂತಿ ದಿನ ನನಗೆ ರಜೆಯಿತ್ತು. ಹೊಸ ಮದುವಣಗಿತ್ತಿಗೆ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ ಕೊಡುವುದು ಇಲ್ಲಿನ ರೂಢಿ. ಕೊಡುವವರು ಯಾರೂ ಇಲ್ಲದ್ದರಿಂದ ನಾನೇ ಹೋಗಿ ಒಂದು ಕೊಂಡು ಉಟ್ಟಿದ್ದೆ. ಕಾಕಾ ನನ್ನ ಕೈಗೆ ತೊಲೆಯಷ್ಟೆತ್ತರದ ಬಿದಿರಿನ ಕೋಲು ಕೊಟ್ಟು ಅಂಗಳದ ನಡುವೆ ನಿಲ್ಲಿಸಿದರು. ಗಂಟೆಗೊಮ್ಮೆ ಬಂದು ಅದರ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು.

ಸೀರೆ ಚೆನ್ನಾಗಿದೆ, ತವರಿನವರು ಕೊಟ್ಟರೇ ಎಂದು ಅವರು ಸಹಜವಾಗಿ ಕೇಳಿದರು. ನಾನು ಸುಳ್ಳು ಹೇಳಬಹುದಿತ್ತು. ಅದೇಕೋ ಆ ಬಿಸಿಲಲ್ಲಿ, ಆ ಕೋಲು ಹಿಡಿದು ನಿಂತಲ್ಲೇ, ಎಲ್ಲ ಹೇಳಿಬಿಟ್ಟೆ. ಅಪ್ಪನ ಪತ್ರ, ಅಣ್ಣನ ಮೌನ, ಎಲ್ಲ. ಕಪ್ಪು ಸೀರೆ ಹೋಗಲಿ ಕಾಕಾ, ಪಂಚಮಿ ಬಂದಾಗ ಏನು ಮಾಡಲಿ ಎಂದೆ. ನಮ್ಮ ಕಡೆ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುತ್ತಾರೆ. ಆದರೆ ತಾವಾಗಿ ಹೋಗುವಂತಿಲ್ಲ. ತವರಿನಿಂದ ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ನನ್ನನ್ನು ಕರೆಯಲು ಯಾರೂ ಬರುವುದಿಲ್ಲ ಎಂದೆ.

ಕಾಕಾ ಬಗ್ಗಿ ಗುರುತು ಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ಕೋಲು ಗಟ್ಟಿ ಹಿಡಿ ತಂಗಿ, ನೆರಳು ಅಳಗ್ಯಾಡಾಕತ್ತದ," ಎಂದಷ್ಟೇ ಅಂದರು. ಎಂಥ ಮನುಷ್ಯ ಇವರು, ಹೇಳಿ ತಪ್ಪು ಮಾಡಿದೆ ಅನ್ನಿಸಿತು. ಆ ದಿನ ಅವರ ಮೇಲೆ ನನಗೆ ಸಿಟ್ಟೇ ಬಂದಿತ್ತು.

ಆಗೆಲ್ಲ ಪುಣೆಯ ಪೇಟೆಗಳಲ್ಲಿ ಹಳೆಯ ತೊಟ್ಟಿಮನೆಯಂಥ ವಾಡೆಗಳನ್ನು ಒಂದೊಂದಾಗಿ ಕೆಡವುತ್ತಿದ್ದರು. ಅಲ್ಲಿಂದ ಬಂದ ಹಳೆ ಸಾಗವಾನಿಯನ್ನು ಕಾಕಾ ಹುಡುಕಿ ತಂದರು. ನಡುವಿನ ತೊಲೆ ಟೆಂಪೋದಿಂದ ಇಳಿದಾಗ ಕಾಕು ಹೌಹಾರಿದರು. ಮಿಕ್ಕ ಎರಡಕ್ಕಿಂತ ಅದು ದುಪ್ಪಟ್ಟು ದಪ್ಪವಿತ್ತು. ಬಳ್ಳಿ ಹಬ್ಬಿಸ್ತೀರೋ ಆನೆ ಕಟ್ಟುತ್ತೀರೋ ಎಂದು ಕೇಳಿದರೆ ಕಾಕಾ ಎಣ್ಣೆ ಸವರತೊಡಗಿದರು. ಅಗಸೆ ಎಣ್ಣೆಯನ್ನು ಹದವಾಗಿ ಕಾಯಿಸಿ, ಬನಿಯನ್ನಿನ ಚಿಂದಿಯಲ್ಲಿ ಅದ್ದಿ, ಮರದ ನಾರಿನುದ್ದಕ್ಕೂ ತಿಕ್ಕುತ್ತಿದ್ದರು. ಮಳೆಗಾಲದ ಮುಂಚೆ ವರ್ಷಕ್ಕೊಮ್ಮೆ ಹೀಗೆ ತಿಕ್ಕಿದರೆ ಕಟ್ಟಿಗೆ ನೂರು ವರ್ಷ ಇರುತ್ತದೆ ಎನ್ನುತ್ತಿದ್ದರು. ಮನೆಯೆಲ್ಲ ಆ ವಾಸನೆ ಹಿಡಿದು, ನಮ್ಮ ಮೇಲಿನ ಕೋಣೆಯ ಹಾಸಿಗೆಗೂ ಹತ್ತಿತ್ತು.

ಹಂದರ ಎದ್ದು ನಿಲ್ಲುವಷ್ಟರಲ್ಲಿ ಚೈತ್ರ ಬಂತು. ಸೂರ್ಯ ನೆತ್ತಿಗೆ ಏರಿದ. ಕಾಕಾ ಅಷ್ಟು ಅಳೆದು ಕೂರಿಸಿದ್ದ ಕಟ್ಟೆ ಹಂದರದಿಂದ ಮೂರು ಮಾರು ಆಚೆಗೆ ರಣಬಿಸಿಲಲ್ಲಿ ಕೂತಿತ್ತು! ಸಂಕ್ರಾಂತಿಯಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ, ನೆರಳು ಉತ್ತರಕ್ಕೆ ಚಾಚುತ್ತದೆ. ಬೇಸಿಗೆಯಲ್ಲಿ ಅದೇ ನೆರಳು ಹಂದರದ ಬುಡಕ್ಕೆ ಬಂದು ಮುದುಡುತ್ತದೆ. ಹೊಲದಲ್ಲಿ ದುಡಿದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮೂವತ್ತು ವರ್ಷ ಕೂದಲೆಳೆಯ ಅಳತೆ ತಪ್ಪದ ಕಾಕಾನಿಗೆ ಇದು ಹೊಳೆದಿರಲಿಲ್ಲ, ಯಂತ್ರದ ಗಾಲಿಗಳಿಗೆ ಋತುಮಾನ ಇರುವುದಿಲ್ಲ ನೋಡಿ. ಎರಡು ದಿನ ಅವರು ಅಳತೆಪಟ್ಟಿ ಹಿಡಿದು ಅಂಗಳದಲ್ಲಿ ಓಡಾಡಿದರು. ಮೂರನೆಯ ದಿನ ಕಾಕು ಆ ಕಟ್ಟೆಯ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟರು. ಸಂಡಿಗೆಗೆಂದೇ ಹೇಳಿ ಮಾಡಿಸಿದ ಜಾಗ ಎಂದು ಓಣಿಯವರ ಮುಂದೆಲ್ಲ ಹೊಗಳಿದರು. ಕಾಕಾ ನಕ್ಕದ್ದು ಆವತ್ತೇ.

ಆ ವರ್ಷದ ಪಂಚಮಿ ಬಂತು. ಬೆಳಗ್ಗೆಯಿಂದ ತುಂತುರು ಮಳೆ ಬಂದು ನಿಂತಿತ್ತು. ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು, ನಿಧಾನವಾಗಿ, ನಡುನಡುವೆ ನಿಂತು ನಿಂತು. ಬಾಗಿಲು ತೆರೆದರೆ ಕಾಕಾ. ಮಂಡಿನೋವಿನಿಂದ ಎಂದೂ ಮೇಲೆ ಹತ್ತದವರು. ಕರಿ ಟೊಪ್ಪಿಗೆ, ಗುಂಡಿ ಹಾಕಿದ ಕೋಟು, ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರ ತುಂಬ ಶೇಂಗಾ ಉಂಡಿ. ದಿನಾ ಬೆಳಗ್ಗೆ ಬನಿಯನ್ನಿನಲ್ಲಿ ನೋಡುತ್ತಿದ್ದ ಮನುಷ್ಯ ದೂರದೂರಿನಿಂದ ಬಂದ ನೆಂಟರ ಹಾಗೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು ಕುರ್ಚಿಯಲ್ಲಿ ಕೂತು, ನೀರು ಕುಡಿದು, ನನ್ನ ಗಂಡನಿಗೆ ಮರಾಠಿಯಲ್ಲಿ ಹುಡುಗಿಯನ್ನು ಕರೆದೊಯ್ಯಲು ಬಂದಿದ್ದೇನೆ ಎಂದರು. ನನ್ನವರು ಮೊದಲು ತಬ್ಬಿಬ್ಬಾದರು, ಆಮೇಲೆ ಅರ್ಥವಾಗಿ, ಯಾವಾಗ ತಿರುಗಿ ಕಳಿಸುತ್ತೀರಿ ಎಂದು ಗಂಭೀರವಾಗಿಯೇ ಕೇಳಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಂದು ಉತ್ತರ ಬಂತು.

ಕಾಕಾ ನನ್ನ ಕಡೆ ತಿರುಗಿದರು.

"ಏಳು ಮಗಳ. ಪಂಚಮಿ ಅದ. ತವರಿಗೆ ಹೋಗೋಣ ನಡಿ."

ಅಲ್ಲಿಯತನಕ ಅವರು ನನ್ನನ್ನು ಕರೆಯುತ್ತಿದ್ದದ್ದು ತಂಗಿ ಎಂದು. ಹದಿನೇಳು ಮೆಟ್ಟಿಲು ಇಳಿದು ನಾನು ತವರಿಗೆ ಬಂದೆ. ಹಂದರದ ನಡುವಿನ ದಪ್ಪ ತೊಲೆಗೆ ಹೊಸ ಹಗ್ಗದ ಜೋಕಾಲಿ ತೂಗಿತ್ತು. ಕಾಕು ಹಣೆಗೆ ಕುಂಕುಮ ಹಚ್ಚಿ, ಕಾಲಿಗೆ ನೀರು ಕೊಟ್ಟು, ಮಣೆಯ ಮೇಲೆ ಕೂರಿಸಿ ತಾವೇ ಬೆನ್ನಿಗೆ ಕೈ ಇಟ್ಟು ತೂಗಿದರು. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಜೋಕಾಲಿ ಮೇಲಕ್ಕೆ ಹೋದಾಗ ಪಟ್ಟಿಗಳ ನಡುವೆ ತೊಳೆದ ಆಕಾಶ, ಕೆಳಕ್ಕೆ ಬಂದಾಗ ಒದ್ದೆ ಮಣ್ಣು ಮತ್ತು ಅಗಸೆ ಎಣ್ಣೆಯ ವಾಸನೆ...

ಆಮೇಲಿನ ವರ್ಷಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ. ಎರಡು ವರ್ಷಕ್ಕೆ ಮಧುಮಾಲತಿ ಹಂದರವನ್ನೆಲ್ಲ ತುಂಬಿತು. ಸಂಜೆ ಬೆಳ್ಳಗೆ ಅರಳಿ, ಮರುದಿನ ಗುಲಾಬಿಯಾಗಿ, ಮೂರನೆಯ ದಿನ ಕೆಂಪಾಗುವ ಹೂವು. ಯಾವುದು ಇವತ್ತಿನದು, ಯಾವುದು ನಿನ್ನೆಯದು ಎಂದು ಬಣ್ಣ ನೋಡಿಯೇ ಹೇಳಬಹುದಿತ್ತು. ಎಲೆ ಸಂದಿಯಿಂದ ಇಳಿದ ಬಿಸಿಲಿನ ಚೂರುಗಳು ನೆಲದ ಮೇಲೆ ನಿಧಾನ ಸರಿಯುತ್ತಿದ್ದವು. ರಜೆಯ ದಿನ ಕಾಕು ಸೊಪ್ಪು ಸೋಸುತ್ತಿದ್ದರು, ಕಾಕಾ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿರುತ್ತಿದ್ದರು. ನಾನು ಚಾಪೆಯ ಮೇಲೆ ಮಲಗಿ ನಿದ್ದೆಯೋ ಎಚ್ಚರವೋ ತಿಳಿಯದೆ ಇರುತ್ತಿದ್ದೆ. ಆಗ ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಹೂವು ಉದುರಿ ಮುಖದ ಮೇಲೆ ಬೀಳುತ್ತಿದ್ದದ್ದು ನೆನಪಿದೆ. ಪ್ರತಿ ಪಂಚಮಿಗೆ ಮಾತ್ರ ಕಾಕಾ ಟೊಪ್ಪಿಗೆ ಹಾಕಿ ಮೆಟ್ಟಿಲು ಹತ್ತುತ್ತಿದ್ದರು, ಒಂದು ವರ್ಷವೂ ತಪ್ಪಿಸಲಿಲ್ಲ.

ಎರಡು ಸಾವಿರದ ಆಚೆ ನನ್ನ ಗಂಡನಿಗೆ ಹಿಂಜವಾಡಿಯಲ್ಲಿ ಕೆಲಸವಾಗಿ ನಾವು ವಾಕಡಕ್ಕೆ ಮನೆ ಬದಲಿಸಿದೆವು. ಆಗ ವಾಕಡ ಎಂದರೆ ಅರ್ಧ ಹೊಲ, ಅರ್ಧ ಸಿಮೆಂಟು. ಇನ್ನು ಮುಗಿಯಿತು ಅಂದುಕೊಂಡಿದ್ದೆ. ಪಂಚಮಿ ದಿನ ಬೆಳಗ್ಗೆ ಕರೆಗಂಟೆ ಸದ್ದು ಮಾಡಿತು. ಎರಡು ಬಸ್ಸು ಬದಲಿಸಿ, ಡಬ್ಬಿ ಎದೆಗವಚಿಕೊಂಡು ಕಾಕಾ ಬಂದಿದ್ದರು. ಹಾಗೆ ಮೂರು ವರ್ಷ ಬಂದು ಕರೆದುಕೊಂಡು ಹೋದರು.

ನಾಲ್ಕನೆಯ ವರ್ಷದ ಮಾತು ಬರೆಯಲು ಕೈ ಹಿಂಜರಿಯುತ್ತದೆ. ಪಂಚಮಿಯ ಹಿಂದಿನ ದಿನ ಬಾಗಿಲಲ್ಲಿ ನನ್ನ ಅಣ್ಣ ನಿಂತಿದ್ದ. ಒಂಬತ್ತು ವರ್ಷದ ಮೇಲೆ. ಕಿವಿಯ ಹತ್ತಿರ ಕೂದಲು ನರೆತಿತ್ತು. "ಅಪ್ಪಾ ಕರಕೊಂಡು ಬಾ ಅಂದಾರ," ಎಂದ. ನಾನು ಏನು ತುಂಬಿದೆ, ಯಾವ ಸೀರೆ ಉಟ್ಟೆ, ಒಂದೂ ಗೊತ್ತಿಲ್ಲ. ಗಂಡನನ್ನೂ ಹೊರಡಿಸಿಕೊಂಡು, ಬೀಗ ಹಾಕಿ, ಆ ಸಂಜೆಯೇ ಧಾರವಾಡದ ದಾರಿ ಹಿಡಿದೆ. ಕಾಕಾನ ನೆನಪೇ ಆಗಲಿಲ್ಲ. ಗಡಿಬಿಡಿಯಲ್ಲಿ ಮರೆತಳು, ಆಯಿತು ಎಂದು ಯಾರಾದರೂ ಸುಲಭವಾಗಿ ಅನ್ನಬಹುದು. ನಾನು ಮಾತ್ರ ಅನ್ನಲಾರೆ.

ಮರುದಿನ ಅಪ್ಪನ ಮನೆಯ ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಕೂತೆ. ಅಪ್ಪ ಎದುರಿಗೆ ಕೂತು ನೋಡುತ್ತಿದ್ದರು. ನಾಲ್ಕು ಸಲ ಜೀಕಿದವಳು ಕಾಲೂರಿ ಜೋಕಾಲಿ ನಿಲ್ಲಿಸಿದೆ. ಹೊತ್ತು ಹತ್ತು ಗಂಟೆ. ಕಾಕಾ ಎರಡನೆಯ ಬಸ್ಸಿನಲ್ಲಿರುತ್ತಾರೆ... ಕಾಕುಗೆ ಫೋನು ಮಾಡಬಹುದಿತ್ತು. ಏನು ಹೇಳಲಿ ಎಂಬ ನಾಚಿಕೆಯಲ್ಲಿ ಮಾಡಲಿಲ್ಲ. ತಿರುಗಿ ಬಂದಾಗ ವಾಚಮನ್ ಸ್ಟೀಲಿನ ಡಬ್ಬಿ ಕೊಟ್ಟ. ಅಣ್ಣನ ಜೊತೆ ತವರಿಗೆ ಹೋಗಿದ್ದಾರೆ ಎಂದು ಹೇಳಿದರೂ ಕೋಟು ಹಾಕಿದ ಅಜ್ಜ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು ಎಂದ.

ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ದಿನ ತಳ್ಳಿ, ದಸರೆಗೆ ಆ ಡಬ್ಬಿಯಲ್ಲಿ ಬೇಸನ್ ಉಂಡಿ ತುಂಬಿಕೊಂಡು ಹೋದೆ. ಕಾಕಾ ಹಂದರದ ಕೆಳಗೇ ಕೂತಿದ್ದರು. ತಪ್ಪಾಯಿತು ಎಂದು ಶುರು ಮಾಡಿದವಳನ್ನು ಕೈಸನ್ನೆಯಿಂದ ತಡೆದರು.

"ಬೀಗ ನೋಡಿ ನನಗ ಭಾಳ ಸಮಾಧಾನ ಆತು," ಎಂದರು. "ಹಂದರಕ್ಕ ಚಾವಣಿ ಇರಂಗಿಲ್ಲ ಮಗಳ. ಬಿಸಲಿಗೆ ಆಸರ ಅಷ್ಟ. ಮಳಿ ಬಂದ್ರ ಮನಿಯೊಳಗ ಹೋಗಬೇಕು. ನಿನಗ ಮನಿ ಬಾಗಲಾ ತಗದಾರ, ಹೋಗು."

ಇನ್ನು ಮೇಲೆ ಅಣ್ಣ ಬರುತ್ತಾನೆ, ಒಬ್ಬಳಿಗೆ ಇಬ್ಬರು ಕರೆಯುವವರು ಬೇಡ, ತಾನು ಬರುವುದಿಲ್ಲ ಎಂದರು. ಉಂಡಿಗಳನ್ನು ತಾಟಿಗೆ ಸುರಿದುಕೊಂಡು ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು, ನಿನ್ನ ಹತ್ತಿರವೇ ಇರಲಿ ಎಂದು. ಆಗ ನನಗೇನನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಗುರಾಯಿತು. ಪ್ರತಿ ಪಂಚಮಿಗೆ ಇಬ್ಬರಲ್ಲೊಬ್ಬರಿಗೆ ಬರಲಾರೆ ಎಂದು ಹೇಳುವ ಕೆಲಸ ತಪ್ಪಿತು ಅನ್ನಿಸಿತು. ಮರೆತದ್ದನ್ನಾದರೂ ನಾನು ಒಂದು ದಿನ ಕ್ಷಮಿಸಿಕೊಂಡೇನು, ಆ ಹಗುರವನ್ನು ಕ್ಷಮಿಸಿಕೊಳ್ಳಲು ಇವತ್ತಿಗೂ ಆಗಿಲ್ಲ.

ಆಮೇಲೆ ಹೋಗುವುದು ಕಡಿಮೆಯಾಯಿತು. ದೀಪಾವಳಿಗೊಮ್ಮೆ, ಕಾಕುವಿಗೆ ಹುಷಾರಿಲ್ಲದಾಗೊಮ್ಮೆ. ಮೂರು ವರ್ಷ ಕಳೆದ ಮೇಲೆ ಮಳೆಗಾಲದ ಮುಂಚಿನ ಒಂದು ದಿನ ಕಾಕಾ ಹೋದರು ಎಂದು ಫೋನು ಬಂತು. ಹೋಗಿ ನೋಡಿದರೆ ಹಂದರದ ಎರಡು ಕಂಬಗಳಿಗೆ, ನಡುವಿನ ತೊಲೆಗೆ ಮಾತ್ರ ಎಣ್ಣೆ ಹಚ್ಚಿತ್ತು. ಉಳಿದ ಕಂಬಗಳು ಒಣಗಿಯೇ ಇದ್ದವು. ಚಿಂದಿ ಇನ್ನೂ ಬಟ್ಟಲಲ್ಲಿ ನೆನೆಯುತ್ತಿತ್ತು.

ಮನೆ ಮಾರಿ ಮಗನ ಹತ್ತಿರ ಹೊರಟಾಗ ಕಾಕು ನನ್ನನ್ನು ಕರೆಸಿ ಆ ನಕ್ಷೆಯ ಸುರುಳಿ ಕೊಟ್ಟರು. ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದೆ. ಬಿಚ್ಚಿ ನೋಡುವ ಧೈರ್ಯ ಇಷ್ಟು ವರ್ಷ ಬರಲಿಲ್ಲ. ಈಗ ಆ ಜಾಗದಲ್ಲಿ ಏಳು ಮಹಡಿಯ ಕಟ್ಟಡವಿದೆ.

ಕಳೆದ ವಾರ ಬಡಗಿಯನ್ನು ಕೇಳಿದೆ, ಈ ತೊಲೆ ಜೋಕಾಲಿ ತಡೆಯುತ್ತದೆಯೇ ಎಂದು. ಇದು ಚಂದಕ್ಕೆ ಮಾತ್ರ, ಭಾರ ಹಾಕಬೇಡಿ ಎಂದ. ಮನೆಗೆ ಬಂದು ಸುರುಳಿ ತೆಗೆದು ಊಟದ ಮೇಜಿನ ಮೇಲೆ ಹಾಸಿದೆ. ಎಲ್ಲ ಗೆರೆಗಳೂ ನನಗೆ ಪರಿಚಯದವು, ಒಂದನ್ನು ಬಿಟ್ಟು. ತೊಲೆಯ ಕೆಳಗೆ ನಿಂತಿದ್ದ ಆ ಕಡ್ಡಿಯ ಮನುಷ್ಯ ಇರಲಿಲ್ಲ. ಅದೇ ಜಾಗದಲ್ಲಿ ಜೋಕಾಲಿಯ ಮೇಲೆ ಕೂತ ಒಬ್ಬ ಹುಡುಗಿಯಿದ್ದಳು, ಬೆನ್ನ ಮೇಲೆ ಒಂದು ಜಡೆ. ನಡುವಿನ ತೊಲೆ ದುಪ್ಪಟ್ಟು ದಪ್ಪವಾಗಿತ್ತು. ಕಾಗದದ ಮೂಲೆಯ ಚೌಕದಲ್ಲಿ ಕಾಕಾನ ನೇರ ಅಕ್ಷರಗಳಲ್ಲಿ ಬರೆದಿತ್ತು: ತಿದ್ದುಪಡಿ ಒಂದು, ನಡುವಿನ ತೊಲೆ. ಪಕ್ಕದಲ್ಲಿ ತಾರೀಖು, ಜನವರಿ ಹದಿನಾಲ್ಕು. ಆ ಸಂಕ್ರಾಂತಿ. ನಾನು ಕಪ್ಪು ಸೀರೆಯಲ್ಲಿ ಕೋಲು ಹಿಡಿದು ನಿಂತ ದಿನ, ಎಂಥ ಮನುಷ್ಯ ಇವರು ಎಂದು ಸಿಟ್ಟಾದ ದಿನ.

ಕಾಗದದ ಮೇಲೆ ಬೆರಳು ಸರಿಸಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಹುಡುಗಿಯ ಸುತ್ತ ಸಣ್ಣಗೆ ತರಿತರಿ ಹತ್ತುತ್ತದೆ.

ಅಪ್ಪ ಈಗಿಲ್ಲ. ಅಣ್ಣ ಪಂಚಮಿಗೆ ಫೋನಿನಲ್ಲಿ ಹಬ್ಬದ ಚಿತ್ರ ಕಳಿಸುತ್ತಾನೆ. ಸ್ಟೀಲಿನ ಡಬ್ಬಿಯನ್ನು ತೊಳೆದು ಒರೆಸಿ ಇಟ್ಟಿದ್ದೇನೆ. ಈ ಸಲ ಪಂಚಮಿಗೆ ಬಾಗಿಲಿಗೆ ಬೀಗ ಹಾಕಿ ಎಲ್ಲಿಗೂ ಹೋಗುವುದಿಲ್ಲ. ಬರುವವರು ಯಾರೂ ಇಲ್ಲ ಎಂದು ಗೊತ್ತಿದೆ, ಆದರೂ ಮನೆಯಲ್ಲೇ ಇರುತ್ತೇನೆ.